ವಲ್ಲಿಯ ಕೆಳಗಿನ ಮತ

ನಾನೂ ಒಮ್ಮೆ ವಿಧಾನಸಭೆಗೆ ನಿಂತಿದ್ದೆ ಎಂದರೆ ಮನೆಯ ಮಕ್ಕಳು ನಗುತ್ತಾರೆ. ನಗಲಿ. ಆಗ ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಇಡೀ ಕ್ಷೇತ್ರವೇ ನಕ್ಕಿತ್ತು, ಇವರದೇನು ಹೆಚ್ಚು. ಎಷ್ಟು ಮತದಿಂದ ಸೋತೆ ಎನ್ನುವುದು ಈಗ ನನಗೇ ನೆನಪಿಲ್ಲ. ನೆನಪಿಡುವಷ್ಟು ಚಿಕ್ಕ ಅಂತರವೂ ಅದಾಗಿರಲಿಲ್ಲ. ಒಂದೇ ಒಂದು ಮತದ ಚಿಂತೆ ಮಾತ್ರ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ಅದು ನಮ್ಮಪ್ಪನ ಮತ.

ಅಪ್ಪ ಲಕ್ಷ್ಮೇಶ್ವರದ ದನದ ಸಂತೆಯಲ್ಲಿ ದಲಾಲನಾಗಿದ್ದ. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ, ಬೆಳ್ಳಿಯ ಉಂಗುರ, ಹೆಗಲ ಮೇಲೆ ಕೆಂಪಂಚಿನ ವಲ್ಲಿ. ವಲ್ಲಿ ಎಂದರೆ ಟವೆಲ್ಲಿನಂಥ ಬಟ್ಟೆ. ಬೇರೆಯವರಿಗೆ ಅದು ಬೆವರು ಒರೆಸಲು, ಅಪ್ಪನಿಗೆ ಅದೇ ಅಂಗಡಿ. ಎತ್ತು ಮಾರುವವನ ಕೈಯನ್ನೂ ಕೊಳ್ಳುವವನ ಕೈಯನ್ನೂ ಅದರ ಕೆಳಗೆ ಸೇರಿಸಿ ಬೆರಳು ಒತ್ತಿಸುತ್ತಿದ್ದ. ಎಷ್ಟು ಬೆರಳು, ಹೇಗೆ ಒತ್ತಿದರು ಎಂಬುದರ ಮೇಲೆ ಬೆಲೆ. ಸುತ್ತ ನಿಂತವರಿಗೆ ಬಟ್ಟೆ ಅಲುಗಾಡುವುದಷ್ಟೇ ಕಾಣುತ್ತಿತ್ತು. ಕೊನೆಗೆ ಒಬ್ಬ "ಆತೇನ್ರಿ?" ಎನ್ನುತ್ತಿದ್ದ, ಇನ್ನೊಬ್ಬ "ಆತು" ಎನ್ನುತ್ತಿದ್ದ. ಅಲ್ಲಿಗೆ ವ್ಯಾಪಾರ ಕುದುರಿದಂತೆ. ಆಮೇಲೆ ಎತ್ತು ದಾರಿಯಲ್ಲಿ ಮಲಗಿಬಿಟ್ಟರೂ ಮಾತು ತಿರುಗುವಂತಿಲ್ಲ. ತಿರುಗಬೇಕೆಂದರೆ ಅದೇ ಇಬ್ಬರು ಮತ್ತೆ ಕೂತು, ಅದೇ ರೀತಿ ವಲ್ಲಿ ಹೊದಿಸಿ, ಒಬ್ಬರೊಬ್ಬರ ಬೆರಳನ್ನು ಒಪ್ಪಿ ಬಿಡಬೇಕು.

ಆಗ ನಮ್ಮ ಭಾಗದಲ್ಲಿ ಸರಕಾರಗಳಿಗೇನೂ ಬರಗಾಲವಿರಲಿಲ್ಲ. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಹೊಲ ದಾಟಿ ಶಿರಹಟ್ಟಿಗೆ ಹೋದರೆ ಸಾಂಗಲಿ ಸಂಸ್ಥಾನ. ಗದಗಿಗೋ ಮುಂಡರಗಿಗೋ ಹೋದರೆ ಬ್ರಿಟಿಷರ ಮುಂಬೈ ಪ್ರಾಂತ. ಅಪ್ಪ ಬೆಳಗ್ಗೆ ಒಬ್ಬ ಅರಸನ ಎತ್ತನ್ನು ಮಧ್ಯಾಹ್ನ ಇನ್ನೊಬ್ಬ ಅರಸನ ಪ್ರಜೆಗೆ ಮಾರಿ, ಸಂಜೆ ಬ್ರಿಟಿಷರ ಸೀಮೆಯಲ್ಲಿ ಚಹಾ ಕುಡಿದು ಮನೆಗೆ ಬರುತ್ತಿದ್ದ. ಯಾವ ಸರಕಾರವೂ ಅವನ ವಲ್ಲಿಯ ಕೆಳಗೆ ಕೈ ಹಾಕಿರಲಿಲ್ಲ.

ಇಂಥವನ ಮಗನಾದ ನಾನು ದನದ ವಾಸನೆ ಬೇಡವೆಂದು ಗದಗಿಗೆ ಹೋಗಿ ಓದಿದೆ. ಓದಿ ಬೆಟಗೇರಿಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಹಿಡಿದೆ. ಊರವರ ಮದುವೆಯ ಕರೆಯೋಲೆಗಳನ್ನು ತಿದ್ದಿ ತಿದ್ದಿ, ಕನ್ನಡ ನಾಡನ್ನೇ ತಿದ್ದಬಲ್ಲೆ ಎಂಬ ಭ್ರಮೆ ನನಗೆ ಹತ್ತಿತು. ಏಕೀಕರಣದ ಸಭೆಗಳಲ್ಲಿ ಮಾತಾಡತೊಡಗಿದೆ. ನನ್ನ ಭಾಷಣದಲ್ಲಿ ಸಣ್ಣ ಶಬ್ದಗಳಿಗೆ ಪ್ರವೇಶವಿರಲಿಲ್ಲ. ಮೈಕು ಕೆಟ್ಟ ದಿನ ಜನ ಹೆಚ್ಚು ಹೊತ್ತು ಕೂರುತ್ತಿದ್ದರು ಎಂಬುದನ್ನು ನಾನು ಆಗ ಗಮನಿಸಿರಲಿಲ್ಲ.

ಸ್ವಾತಂತ್ರ್ಯ ಬಂತು, ಸಂಸ್ಥಾನಗಳು ಹೋದವು, ಮೊದಲ ಚುನಾವಣೆ ಬಂತು. ಗದಗಿನ ವಕೀಲರೊಬ್ಬರು ನಮ್ಮ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತರು. ಒಳ್ಳೆಯ ಮನುಷ್ಯ, ತೆಳ್ಳಗಿನ ಮೈ, ಮೆಲ್ಲಗಿನ ಮಾತು. ನ್ಯಾಯಾಧೀಶರಿಗೇ ಕೇಳಿಸದ ಆ ದನಿ ಬಯಲಲ್ಲಿ ಕೂತ ಜನಕ್ಕೆ ಎಲ್ಲಿ ಕೇಳಬೇಕು? ಅದಕ್ಕೇ ನನ್ನನ್ನು ಜೊತೆಗೆ ಕರೆದುಕೊಂಡರು. ಅವರ ಗುರುತು ತಕ್ಕಡಿ. ಆ ಕಾಲದಲ್ಲಿ ಪ್ರತಿಯೊಬ್ಬ ಉಮೇದುವಾರನಿಗೂ ಬೇರೆ ಬೇರೆ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಗುರುತಿನ ಚಿತ್ರ ಅಂಟಿಸಿರುತ್ತಿದ್ದರು. ಪರದೆಯ ಹಿಂದೆ ಹೋಗಿ, ಬೇಕಾದವರ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರಬೇಕು. ಕೆಲಸ ಇಷ್ಟೇ. ಇಷ್ಟನ್ನು ಹೇಳಲು ನಾನು ಪ್ರತಿ ಊರಿನಲ್ಲೂ ಒಂದು ತಾಸು ತೆಗೆದುಕೊಳ್ಳುತ್ತಿದ್ದೆ.

ಹಿರೇವಡ್ಡಟ್ಟಿಯಲ್ಲಿ ಗುಡಿಯ ಮುಂದೆ ಸಭೆ. ನಾನು ಎದ್ದು ನಿಂತು, ಶತಮಾನಗಳಿಂದ ಛಿದ್ರವಿಚ್ಛಿದ್ರಗೊಂಡು ನರಳುತ್ತಿರುವ ತಾಯಿಯ ಬಗ್ಗೆ ಕಾಲು ಗಂಟೆ ಗುಡುಗಿದೆ. ಮುಂದೆ ಕೂತ ಮುದುಕನೊಬ್ಬ ಕಳವಳದಿಂದ ಪಕ್ಕದವನನ್ನು ಕೇಳಿದ.

"ಯಾರ ತಾಯಿಗಿ ಆರಾಮ ಇಲ್ಲಂತ? ಗದಗಿನ ದವಾಖಾನಿಗೆ ಒಯ್ಯಬೇಕಿಲ್ಲ?"

ನಾನು ತಾಯಿಯನ್ನು ಅಲ್ಲಿಗೇ ಬಿಟ್ಟು ಗುಪ್ತ ಮತದಾನಕ್ಕೆ ಬಂದೆ. ಆಗ ಒಬ್ಬ ನಡುವಯಸ್ಸಿನ ರೈತ ಎದ್ದು ನಿಂತ.

"ಎಲ್ಲಾ ಖರೆ ಐತ್ರಿ. ನಾವು ಯಾರಿಗೆ ಹಾಕೇವಿ ಅಂತ ನಾಳೆ ಗೌಡರಿಗೆ ಗೊತ್ತಾದ್ರ ನಮ್ಮ ಗತಿ ಏನು?"

"ಗೊತ್ತಾಗುವುದು ಅಸಂಭವ. ಅದು ಗೋಪ್ಯ!" ಎಂದೆ.

"ಗೋಪ್ಯ ಅಂದ್ರ?"

ನಾನು ಇನ್ನೂ ದೊಡ್ಡ ಎರಡು ಶಬ್ದಗಳನ್ನು ಹೇಳಿದೆ. ಬೆನ್ನಲ್ಲಿ ಬೆವರು ಇಳಿಯತೊಡಗಿತು. ಅಷ್ಟರಲ್ಲಿ ಸಭೆಯ ಹಿಂದೆ ಬೇವಿನ ಗಿಡದ ಕೆಳಗೆ ಅಪ್ಪ ಕಂಡ. ಯಾವುದೋ ಜೋಡಿ ಎತ್ತು ನೋಡಲು ಆ ಊರಿಗೆ ಬಂದಿದ್ದ. ಮಗ ಬೆವರುವುದನ್ನು ನೋಡುತ್ತ ಆರಾಮಾಗಿ ಎಲೆಯಡಿಕೆ ಹಾಕುತ್ತಿದ್ದ. ಅವನ ಹೆಗಲ ಮೇಲಿನ ವಲ್ಲಿ ಕಂಡದ್ದೇ ನನ್ನ ತಲೆಯೊಳಗೆ ದೀಪ ಹತ್ತಿತು. ಆ ದೀಪ ನನ್ನ ಮನೆಯನ್ನೇ ಸುಡುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು!

ಅಪ್ಪನನ್ನು ಮುಂದೆ ಕರೆದೆ. ವಕೀಲರನ್ನು ಅವನ ಎದುರು ಕೂರಿಸಿದೆ. ಅಪ್ಪನ ವಲ್ಲಿಯನ್ನು ನಾನೇ ತೆಗೆದು ಇಬ್ಬರ ಕೈಗಳ ಮೇಲೂ ಹೊದಿಸಿದೆ.

"ನೋಡ್ರಿ! ಮತ ಅಂದ್ರ ಹಿಂಗ. ಒಳಗ ಏನ ಒತ್ತಿದ್ರು, ಹೊರಗ ನಿಂತಾವಗ ಗೊತ್ತಾಗತೈತೇನು?"

ಸಭೆಗೆ ಸಭೆಯೇ "ಇಲ್ಲಾ" ಎಂದಿತು. ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿದ.

"ಖರೇನ ಒತ್ತಲೇನಲೇ?" ಎಂದು ಮೆಲ್ಲಗೆ ಕೇಳಿದ.

"ಒತ್ತಪಾ, ಜನ ನೋಡಾಕ ಹತ್ಯಾರ," ಎಂದು ಅವಸರ ಮಾಡಿದೆ.

ವಲ್ಲಿ ಅಲುಗಾಡಿತು. ಅಪ್ಪ ಕಣ್ಣು ಮುಚ್ಚಿ, ವ್ಯಾಪಾರದ ಗಾಂಭೀರ್ಯದಿಂದ "ಆತೇನ್ರಿ ಸಾಹೇಬರ?" ಎಂದ. ವಕೀಲರು ನಗುತ್ತ "ಆತು, ಆತು" ಎಂದರು. ಜನ ಚಪ್ಪಾಳೆ ತಟ್ಟಿದರು. ನಾಟಕ ಚೆನ್ನಾಗಿ ಕಳೆಗಟ್ಟಿತು ಎಂದು ನಾನು ಹಿಗ್ಗಿದೆ. ನಾಟಕ ಎಂದುಕೊಂಡಿದ್ದವನು ಆ ಗುಡಿಯ ಮುಂದೆ ನಾನೊಬ್ಬನೇ ಎಂಬುದು ತಿಳಿಯಲು ನನಗೆ ಮುಂದಿನ ಚುನಾವಣೆಯೇ ಬರಬೇಕಾಯಿತು.

ಆ ದಿನ ಸಭೆ ಮುಗಿದ ಮೇಲೆ ರೈತರು ಸಾಲು ಹಿಡಿದು ಬಂದು ವಕೀಲರ ಬೆರಳು ಒತ್ತಿಹೋದರು. ನಾನು ಈ ಉಪಾಯವನ್ನು ಊರೂರಿಗೆ ಒಯ್ದೆ. ಅಪ್ಪನಂಥದೇ ಕೆಂಪಂಚಿನ ವಲ್ಲಿಯನ್ನು ನಾನೂ ಒಂದು ಕೊಂಡೆ. ಕಪ್ಪತಗುಡ್ಡದ ಈಚೆಗಿನ ಹಳ್ಳಿಗಳಲ್ಲೆಲ್ಲ ನನ್ನ ಹೆಸರು "ವಲ್ಲಿ ಭಾಷಣದಾವ" ಎಂದಾಯಿತು. ನಾನು ಅದನ್ನು ಬಿರುದು ಎಂದೇ ತಿಳಿದೆ. ವಕೀಲರ ಬಲಗೈ ಬಾತು, ಚುನಾವಣೆ ಮುಗಿಯುವತನಕ ಅವರು ಸಹಿ ಮಾಡಲಾರದೆ ಒದ್ದಾಡಿದರು. ಮತದಾನದ ದಿನ ಒಬ್ಬ ಅಜ್ಜ ಕೋಣೆಯೊಳಗೆ ಹೋಗಿ, ಬೆರಳಿಗೆ ಮಸಿ ಹಚ್ಚಲು ಬಂದ ಅಧಿಕಾರಿಯ ಕೈಯ ಮೇಲೆ ವಲ್ಲಿ ಹೊದಿಸಿ ಕೂತನಂತೆ. ಅವನನ್ನು ಎಬ್ಬಿಸುವಷ್ಟರಲ್ಲಿ ಹೊರಗಿನ ಸಾಲು ರಸ್ತೆಗೆ ಬಂದಿತ್ತು.

ನಮ್ಮ ಹಳ್ಳಿಗಳು ವಕೀಲರನ್ನು ಕೈಬಿಡಲಿಲ್ಲ. ಆದರೆ ಉಳಿದ ಕಡೆ ಮತ ಬೀಳದೆ ಅವರು ಸೋತರು. ಸೋತರೂ ಅವರ ಮರ್ಯಾದೆ ಹೆಚ್ಚಿತು. ಅದರಲ್ಲಿ ನನ್ನ ಪಾಲೆಷ್ಟು ಎಂದು ನಾನು ಎಲ್ಲರಿಗೂ ಹೇಳುತ್ತ ತಿರುಗಿದೆ.

ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮುಂದೆ ರಾಜ್ಯ ಒಂದಾಯಿತು. ಮುಂಬೈಗೆ ಸೇರಿದ್ದ ನಾವು ಮೈಸೂರಿಗೆ ಸೇರಿದೆವು. ಗದಗಿನಲ್ಲಿ ದೊಡ್ಡ ಸಂಭ್ರಮದ ಸಭೆ ನಡೆಯಿತು. ನಾನು ಹದಿನೈದು ದಿನ ಮೊದಲೇ ಭಾಷಣ ಬರೆದು ಬಾಯಿಪಾಠ ಮಾಡಿದ್ದೆ. ವಕೀಲರು ಅಧ್ಯಕ್ಷರು. ಒಬ್ಬೊಬ್ಬರನ್ನೇ ಮಾತಿಗೆ ಕರೆದರು. ನನ್ನ ಸರದಿ ಬಂದಾಗ ನನ್ನ ಕಡೆ ಪ್ರೀತಿಯಿಂದ ನೋಡಿ, "ಹಿಂದ ತೋರಣ ಹರದು ಬಿದ್ದೈತಿ, ಸ್ವಲ್ಪ ಕಟ್ಟಸ್ತೀ ಏನಪಾ?" ಎಂದರು. ನಾನು ಏಣಿ ಹತ್ತಿ ತೋರಣ ಕಟ್ಟಿದೆ. ಇಳಿಯುವಷ್ಟರಲ್ಲಿ ವಂದನಾರ್ಪಣೆ ನಡೆದಿತ್ತು.

ನಾಡು ಒಂದಾದ ದಿನವೇ ನಾನು ಬೇರೆಯಾದೆ. ಮರುವರ್ಷದ ಎರಡನೆಯ ಚುನಾವಣೆಯಲ್ಲಿ ವಕೀಲರು ಮತ್ತೆ ತಕ್ಕಡಿ ಹಿಡಿದು ನಿಂತರು. ಅವರ ವಿರುದ್ಧ ನಾನೂ ಪಕ್ಷೇತರನಾಗಿ ನಿಂತೆ. ಕಾರಣ ಕೇಳಿದವರಿಗೆ ತತ್ವದ ಪ್ರಶ್ನೆ ಎಂದೆ. ತತ್ವ ಯಾವುದೆಂದು ಕೇಳಿದವರಿಗೆ ಸಮಯವಿಲ್ಲ ಎಂದೆ. ನನಗೆ ಸಿಕ್ಕ ಗುರುತು ಏಣಿ. ತೋರಣದ ಏಣಿಯೇ ಬೆನ್ನು ಹತ್ತಿ ಬಂತೆಂದು ಮುದ್ರಣಾಲಯದ ಗೆಳೆಯರು ನಕ್ಕರು.

ಪ್ರಚಾರಕ್ಕೆ ಸೈಕಲ್ ಮೇಲೆ ಹೊರಟೆ. ಜನ ಎಂಥ ಅಕ್ಕರೆಯಿಂದ ನೋಡಿಕೊಂಡರು! ಕಂಬಳಿ ಹಾಸಿದರು, ರೊಟ್ಟಿ, ಪುಂಡಿಪಲ್ಯ ಕೊಟ್ಟರು, ಮಜ್ಜಿಗೆ ಕೊಟ್ಟರು. "ಚಲೋ ಮಾತಾಡ್ತೀರಿ ಬಿಡ್ರಿ" ಎಂದರು. ಕೊನೆಗೆ ನಾನು ವಲ್ಲಿ ಹರಡಿ ಕೈ ಚಾಚಿದರೆ ಮಾತ್ರ ಒಬ್ಬರೂ ಕೈ ಹಾಕಲಿಲ್ಲ. ಕೆಲವರು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಒಬ್ಬ ನೆಲ ನೋಡುತ್ತ, "ಇರ್ಲಿ ಬಿಡ್ರಿ, ನಮಗ ತಿಳೀತೈತಿ" ಎಂದ. ಉಮೇದುವಾರನ ಎದುರು ಹಳ್ಳಿಯವರಿಗೆ ನಾಚಿಕೆ ಎಂದುಕೊಂಡೆ. ನಾನು ಅಷ್ಟು ದೊಡ್ಡ ಮನುಷ್ಯನಾಗಿದ್ದೇನೆ ಎಂದು ಒಳಗೊಳಗೇ ಖುಷಿಯೂ ಆಯಿತು.

ಅಪ್ಪನನ್ನು ನಾನು ಕೇಳಲೇ ಇಲ್ಲ. ಹೆತ್ತ ಅಪ್ಪನನ್ನು ಮತ ಕೇಳುವುದುಂಟೇ? ಅವನ ಮತ ಬಂದೇ ಬರುತ್ತದೆ, ಅವನನ್ನು ನೋಡಿ ಸಂತೆಯ ಮತವೂ ಬರುತ್ತದೆ ಎಂಬುದೇ ನನ್ನ ಧೈರ್ಯ. ಖರೆ ಹೇಳಬೇಕೆಂದರೆ, ಗೆಲ್ಲುವುದಕ್ಕಿಂತ ಹೆಚ್ಚಾಗಿ ಅಪ್ಪನ ಕಣ್ಣಿಗೆ ದೊಡ್ಡವನಾಗಿ ಕಾಣಬೇಕೆಂಬುದೇ ನನಗಿತ್ತು. ದನದ ವಾಸನೆ ಬಿಟ್ಟು ಹೋದವನು ಸುಮ್ಮನೆ ಹೋಗಲಿಲ್ಲ ಎಂದು ಅವನು ಸಂತೆಯಲ್ಲಿ ಹೇಳಿಕೊಳ್ಳಬೇಕಿತ್ತು. ಮತದಾನದ ದಿನ ನಾನು ಊರೂರು ಸುತ್ತುತ್ತಿದ್ದೆ. ಸಂಜೆ ಮನೆಗೆ ಬಂದಾಗ ಅಪ್ಪನ ಬೆರಳಿಗೆ ಮಸಿ ಇತ್ತು. ನಾನು ನಕ್ಕೆ. ಅವನು ನಗಲಿಲ್ಲ. ದಣಿದಿರಬೇಕು ಎಂದುಕೊಂಡೆ.

ಎಣಿಕೆಯ ದಿನ ಒಂದೊಂದೇ ಊರಿನ ಪೆಟ್ಟಿಗೆಗಳನ್ನು ಮೇಜಿನ ಮೇಲೆ ತಂದಿಟ್ಟರು. ಹಿರೇವಡ್ಡಟ್ಟಿಯ ನನ್ನ ಪೆಟ್ಟಿಗೆ ಹಗುರಾಗಿತ್ತು. ವಕೀಲರ ಪೆಟ್ಟಿಗೆಯಲ್ಲಿ ಚೀಟಿಗಳು ಇಡಿಕಿರಿದಿದ್ದವು. ಇರಲಿ, ಪರ ಊರು ಎಂದುಕೊಂಡೆ. ಆಮೇಲೆ ನಮ್ಮ ಓಣಿಯ ಪೆಟ್ಟಿಗೆ ಬಂತು. ನನ್ನ ಹೆಸರು ಮತದಾರರ ಯಾದಿಯಲ್ಲಿ ಬೆಟಗೇರಿಗೆ ಸೇರಿದ್ದರಿಂದ ಅಲ್ಲಿ ನನ್ನ ಮತ ಇರಲಿಲ್ಲ. ಆದರೆ ಅಪ್ಪನದಿತ್ತು, ಅವ್ವನದಿತ್ತು. ಅಧಿಕಾರಿ ಏಣಿಯ ಚಿತ್ರದ ಪೆಟ್ಟಿಗೆಯನ್ನು ತೆರೆದು ಬೋರಲು ಹಾಕಿ ಬಡಿದರು. ನಾಲ್ಕು ಕಾಳು ಅಕ್ಷತೆ ಉದುರಿದವು. ಮತ್ತೊಮ್ಮೆ ಬಡಿದರು. ಏನೂ ಬೀಳಲಿಲ್ಲ.

ಗುಪ್ತ ಮತದಾನದ ಬಗ್ಗೆ ಅಷ್ಟೆಲ್ಲ ಭಾಷಣ ಮಾಡಿದ್ದ ನನಗೆ ಒಂದು ಸಂಗತಿ ಹೊಳೆದೇ ಇರಲಿಲ್ಲ. ಪೆಟ್ಟಿಗೆ ಪೂರಾ ಖಾಲಿ ಇದ್ದರೆ ಯಾರ ಮತವೂ ಗುಪ್ತವಾಗಿ ಉಳಿಯುವುದಿಲ್ಲ. ವಕೀಲರು ಆಚೆ ಬದಿಯಲ್ಲಿ ನಿಂತು ಅಕ್ಷತೆಯನ್ನೇ ನೋಡುತ್ತಿದ್ದರು. ಅವರು ನಕ್ಕಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ನಾವಿಬ್ಬರೂ ಕಚ್ಚಾಡಿದ್ದರಲ್ಲಿ ಗೆದ್ದವನು ಮೂರನೆಯವನು. ನನ್ನ ಠೇವಣಿಯೂ ಹೋಯಿತು.

ಸೀದಾ ಲಕ್ಷ್ಮೇಶ್ವರಕ್ಕೆ ಬಂದೆ. ಅವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ನನ್ನ ಮುಖ ನೋಡಿ ಕೇಳದೆಯೇ ಹೇಳಿದಳು.

"ನಿನ್ನ ಪೆಟಗಿಗಿ ಅಕ್ಷತಿ ಹಾಕಿ ಕೈ ಮುಗದೆ ಯಪ್ಪಾ. ಚೀಟಿ ನಿಮ್ಮಪ್ಪ ಹೇಳಿದಲ್ಲಿ ಹಾಕಿದೆ. ಆಶೀರ್ವಾದ ನಂದು, ಚೀಟಿ ಮನೀದು."

ಅಪ್ಪ ಹಿತ್ತಲಲ್ಲಿ ಒಂದು ಹೋರಿಯ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ. ನಾನು ಚೀರಾಡಿದೆ. ಊರ ಮುಂದೆ ಮಾನ ಕಳೆದೆ ಎಂದೆ. ಹೆತ್ತ ಮಗನಿಗಿಂತ ವಕೀಲ ಹೆಚ್ಚಾದನೇ ಎಂದೆ. ಅವನು ಹೋರಿಯ ಬಾಯಿ ಬಿಟ್ಟು, ಕೈ ಒರೆಸಿಕೊಂಡು, ಸಾವಕಾಶ ನನ್ನ ಕಡೆ ತಿರುಗಿದ.

"ಹಿರೇವಡ್ಡಟ್ಟಿ ಗುಡಿ ಮುಂದ ಸಾಹೇಬರಿಗೆ ಬೆರಳ ಒತ್ತೀನೋ ಇಲ್ಲೋ?"

"ಅದು ಹಿಂದಿನ ಚುನಾವಣಿ ಅಪ್ಪಾ!"

"ಒತ್ತೀನೋ ಇಲ್ಲೋ?"

"ಒತ್ತೀದಿ. ಆದ್ರ ಅದು ಐದು ವರ್ಷಕ್ಕ ಮುಗೀತು. ಕಾಯ್ದೆ ಹಂಗ ಐತಿ."

"ಐದು ವರ್ಷಕ್ಕ ಮುಗೀತೈತಿ ಅಂತ ಅವತ್ತ ಹೇಳಿದ್ದೇನು?"

ಛಿದ್ರವಿಚ್ಛಿದ್ರ ಹೇಳಿದ್ದೆ, ಶತಮಾನ ಹೇಳಿದ್ದೆ, ಗೋಪ್ಯ ಹೇಳಿದ್ದೆ. ಮತಕ್ಕೆ ಮುದ್ದತು ಇದೆ ಎಂಬ ಒಂದು ಮಾತನ್ನು ಯಾವ ಊರಿನಲ್ಲೂ ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೇ ಇರಲಿಲ್ಲ.

"ಮಿರಜಿನವರ ಸರಕಾರ ಇದ್ದಾಗ ಕುದರಿದ ವ್ಯಾಪಾರ ಮುಂಬೈ ಸರಕಾರದಾಗ ನಡಸೀನಿ," ಎಂದ ಅಪ್ಪ. "ಮುಂಬೈದು ಮೈಸೂರದಾಗ ನಡಸೀನಿ. ಸರಕಾರ ಹೋತಂತ ಮಾತ ಹೋದ್ರ ನಾಳೆ ಸಂತ್ಯಾಗ ನನ್ನ ವಲ್ಲಿ ಕೆಳಗ ಯಾರು ಕೈ ಹಾಕ್ಯಾರು? ಅಷ್ಟೂ ಊರ ರೈತರು ಹಂಗ ಮಾತ ಉಳಿಸ್ಯಾರ. ಮತ್ತ ಆ ವ್ಯಾಪಾರಕ್ಕ ದಲಾಲ ಯಾರು? ವಲ್ಲಿ ಹೊಚ್ಚಿದಾವ ಯಾರಲೇ?"

ದಲಾಲ ನಾನೇ. ಕುಲಕಸುಬು ಬೇಡವೆಂದು ಗದಗಿಗೆ ಓಡಿದ ನಾನು, ನನಗರಿವಿಲ್ಲದೆ ಇಡೀ ಸೀಮೆಯಲ್ಲಿ ಯಾವ ದಲಾಲನೂ ಮಾಡದಷ್ಟು ದೊಡ್ಡ ವ್ಯಾಪಾರ ಕುದುರಿಸಿದ್ದೆ. ಅದೂ ನನ್ನ ವಿರುದ್ಧವೇ.

"ನಿಲ್ಲೂಕಿಂತ ಮೊದಲ ನನ್ನ ಕೇಳಿದ್ರ, ಸಾಹೇಬರ ಕಡೆ ಹೋಗಿ ಬೆರಳ ಬಿಡಿಸ್ಕೊಂಡು ಬರತಿದ್ದೆ," ಎಂದ. "ನೀ ಕೇಳಲೇ ಇಲ್ಲಲ್ಲೋ."

ಆ ಮಾತಿಗೆ ಅವನ ದೊಡ್ಡ ದನಿ ಸಣ್ಣದಾಗಿತ್ತು. ನನಗೆ ಅಳು ಬಂತು. ಉಮೇದುವಾರರು ಅಳಬಾರದೆಂದು ಹೋರಿಯ ಆಚೆ ಹೋಗಿ ನಿಂತೆ.

ಕೆಲವು ವಾರಗಳ ಮೇಲೆ ಅಪ್ಪ ಮೊಟ್ಟಮೊದಲ ಬಾರಿ ಬೆಟಗೇರಿಯ ಮುದ್ರಣಾಲಯಕ್ಕೆ ಬಂದ. ಗದಗಿನಲ್ಲಿ ವಕೀಲರ ಮನೆಗೆ ಹೋಗಿ ಬಂದಿದ್ದ. ಅವರು ಮೊದಲು ನಕ್ಕರಂತೆ, ಆಮೇಲೆ ನಗು ನಿಲ್ಲಿಸಿ, ಎದ್ದು ಬಾಗಿಲು ಹಾಕಿಬಂದು ವಲ್ಲಿಯ ಕೆಳಗೆ ಕೈ ಇಟ್ಟರಂತೆ. ಬೆರಳು ಬಿಟ್ಟಾಗಿತ್ತು. ಅಚ್ಚಿನ ಮೊಳೆ ಜೋಡಿಸುವವರೆಲ್ಲ ನೋಡುತ್ತಿರುವಾಗಲೇ ಅಪ್ಪ ನನ್ನ ಮೇಜಿನ ಮೇಲೆ ವಲ್ಲಿ ಹರಡಿ, "ತಾ ಕೈ" ಎಂದ. ನನಗೋ ನಾಚಿಕೆ. ಜಲ್ದಿ ಮುಗಿಯಲಿ ಎಂದು ಕೈ ಕೊಟ್ಟೆ. ಅವನು ಒತ್ತಿದ. "ಆತೇನು?" ಎಂದ. "ಆತಪಾ, ಆತು" ಎಂದೆ. ಬಸ್ಸಿಗೆ ಹೊತ್ತಾಯಿತೆಂದು ಅವನನ್ನು ಕಳಿಸಿಕೊಟ್ಟೆ. ಮೈಗೆ ಮಸಿ ಮೆತ್ತಿಕೊಂಡು ಮತ್ತೆ ಕರಡು ತಿದ್ದಲು ಕೂತೆ. ರಾಜಕೀಯ ಸಾಕಾಗಿತ್ತು. ಇನ್ನೆಂದೂ ನಿಲ್ಲುವುದಿಲ್ಲವೆಂದು ನಾನು ಆಗಲೇ ನಿಶ್ಚಯಿಸಿದ್ದೆ. ಅದನ್ನು ಅಪ್ಪನಿಗೆ ಹೇಳಬೇಕೆಂದು ಹೊಳೆಯಲಿಲ್ಲ.

ಮೂರನೆಯ ಚುನಾವಣೆ ಬಂತು. ಈ ಸಲ ಎಲ್ಲರಿಗೂ ಒಂದೇ ಪೆಟ್ಟಿಗೆ. ಕಾಗದದ ಮೇಲಿನ ಗುರುತುಗಳಲ್ಲಿ ಬೇಕಾದುದರ ಎದುರು ಮುದ್ರೆ ಒತ್ತಬೇಕಿತ್ತು. ನಾನೂ ನಿಂತಿರಲಿಲ್ಲ, ವಕೀಲರೂ ನಿಂತಿರಲಿಲ್ಲ. ಊರಿಗೆ ಹೋದಾಗ ಅಪ್ಪ ಕಟ್ಟೆಯ ಮೇಲೆ ಬೆರಳಿನ ಮಸಿ ನೋಡಿಕೊಳ್ಳುತ್ತ ಕೂತಿದ್ದ. ಸುಮ್ಮನೆ ಮಾತಿಗೆಂದು, ಯಾರಿಗೆ ಒತ್ತಿದೆ ಎಂದು ಕೇಳಿದೆ.

"ಯಾರಿಗೂ ಇಲ್ಲ. ಬರೇ ಕಾಗದ ಮಡಚಿ ಹಾಕಿ ಬಂದೆ."

"ಯಾಕಪಾ?"

"ನಿನಗ ಮಾತ ಕೊಟ್ಟೀನಲ್ಲ. ನಿನ್ನ ಏಣಿ ಅದರಾಗ ಇರಲಿಲ್ಲ."

ನಾನು ಒಳಗೆ ಹೋಗಿ ಗೂಟಕ್ಕೆ ತೂಗಿಹಾಕಿದ್ದ ವಲ್ಲಿ ತಂದೆ. ಅವನ ಮುಂದೆ ಕೂತೆ. ಭಾಷಣ ಬಿಟ್ಟು ನಾನಾಡಿದ ಮೊದಲ ಮಾತು ಅದೇ ಇರಬೇಕು.

"ಅಪ್ಪಾ, ನಾ ಇನ್ನ ನಿಲ್ಲೂದಿಲ್ಲ. ಬೆರಳ ಬಿಡತೀನಿ, ಕೈ ತಾ. ನಿನ್ನ ಮನಸಿಗೆ ಬಂದವರಿಗೆ ಹಾಕು."

ಅಪ್ಪ ವಲ್ಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಝಾಡಿಸಿ, ಹೆಗಲ ಮೇಲೆ ಹಾಕಿಕೊಂಡ.

"ನಿಲ್ಲೂದು ಬಿಡೂದು ನಿನ್ನ ಖುಷಿ. ಬಿಡಬೇಕಂದ್ರ ಇಬ್ಬರೂ ಒಪ್ಪಬೇಕು. ನಾ ಒಪ್ಪೂದಿಲ್ಲ."

ಅವನು ಬದುಕಿರುವತನಕ ಬಂದ ಚುನಾವಣೆಗೆಲ್ಲ ಮಿಂದು, ಮಡಿ ಧೋತರ ಉಟ್ಟು ಹೋಗಿ, ಸಾಲಿನಲ್ಲಿ ನಿಂತು, ಖಾಲಿ ಕಾಗದ ಹಾಕಿ ಬಂದ. ಎಣಿಸುವವರು ಅದನ್ನು ಕುಲಗೆಟ್ಟ ಮತವೆಂದು ಪಕ್ಕಕ್ಕೆ ಎಸೆದಿರುತ್ತಾರೆ. ಅದು ನನ್ನ ಮತ.